ಲೈಂಗಿಕ ಆತಂಕಕ್ಕೆ ಸಮ್ಮೋಹನ ಚಿಕಿತ್ಸೆ: ಟೆಕ್ಸಾಸ್‌ನ ಅನುಭವ

ಸಂಗಾತಿಯೊಡನೆ ದೇಹಸಂಬಂಧದ ಹೊತ್ತಿಗೆ ಎದುರಾಗುವ ಭಯ, ನಡುಕ, ಹಿಂಜರಿಕೆಗಳನ್ನು ತಗ್ಗಿಸಲು ಸಮ್ಮೋಹನವನ್ನು (ಹಿಪ್ನಾಸಿಸ್) ಮನೋಚಿಕಿತ್ಸೆಯ ಜೊತೆಗೆ ಬಳಸುವ ವಿಧಾನ. ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ವೈದ್ಯಕೀಯ ಸಮ್ಮೋಹನಕ್ಕೆ ಸುಮಾರು ಏಳು ದಶಕಗಳ ಇತಿಹಾಸವಿದೆ. ಡಲ್ಲಾಸ್‌ನ ವೈದ್ಯಕೀಯ ಕಾಲೇಜಿನಲ್ಲಿ ಅದು 1950ರ ದಶಕದಲ್ಲೇ ಬೇರು ಬಿಟ್ಟಿತು. ಆಸ್ಟಿನ್‌ನಲ್ಲಿ ಲೈಂಗಿಕ ಮನೋವಿಜ್ಞಾನದ ಪ್ರಯೋಗಾಲಯವೊಂದು ಬೆಳೆಯಿತು. ಹ್ಯೂಸ್ಟನ್‌ನಲ್ಲಿ ಕ್ಯಾನ್ಸರ್‌ನಿಂದ ಚೇತರಿಸಿಕೊಂಡವರ ದಾಂಪತ್ಯದ ತೊಂದರೆಗಳ ಅಧ್ಯಯನ ನಡೆಯಿತು. ಸಮ್ಮೋಹನದ ಹೆಸರಿಗೆ ಮಸಿ ಬಳಿದ ಪ್ರಕರಣವೂ ಅದೇ ಊರಿನದು. ದೇಹದ ಗಾಬರಿ ಇಳಿಸಲು ಬಳಸಿದಾಗ ಉಪಕಾರ ಮಾಡಿದ ಈ ವಿದ್ಯೆ, ಮರೆತ ನೆನಪುಗಳನ್ನು ಅಗೆಯಲು ಹೊರಟಾಗಲೆಲ್ಲ ಅನಾಹುತಕ್ಕೆ ದಾರಿ ಮಾಡಿದೆ. ಟೆಕ್ಸಾಸ್‌ನ ಕಥೆಯಲ್ಲಿ ಈ ಎರಡೂ ಮುಖಗಳು ಒಟ್ಟಿಗೇ ಸಿಗುತ್ತವೆ.

ಆತಂಕದ ಬಗೆ

ಗಂಡಸಿನ ನಿಮಿರುವಿಕೆಗೆ ಬೆನ್ನುಹುರಿಯ ಕೆಳಭಾಗದಿಂದ ಹೊರಡುವ ಪ್ಯಾರಾಸಿಂಪತೆಟಿಕ್ ನರಗಳು ಕೆಲಸ ಮಾಡಬೇಕು. ಹೆದರಿಕೆಯಾದರೆ ಅದಕ್ಕೆ ಎದುರಾದ ಸಿಂಪತೆಟಿಕ್ ನರಮಂಡಲ ಚುರುಕಾಗುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಅಡ್ರಿನಲಿನ್ ಏರಿ ಅಂಗದೊಳಗಿನ ಸ್ನಾಯು ಬಿಗಿಯುತ್ತದೆ, ರಕ್ತ ತುಂಬಿಕೊಳ್ಳುವುದಿಲ್ಲ. ಒಂದು ರಾತ್ರಿ ಹೀಗಾಯಿತೆಂದರೆ ಮಾರನೆಯ ರಾತ್ರಿ ‘ಇವತ್ತೂ ಹಾಗೇ ಆದರೆ?’ ಎಂಬ ಭಯ ಮೊದಲೇ ಬಂದು ಕೂತಿರುತ್ತದೆ. ಭಯದಿಂದ ಸೋಲು, ಸೋಲಿನಿಂದ ಭಯ. ವಿಲಿಯಂ ಮಾಸ್ಟರ್ಸ್ ಮತ್ತು ವರ್ಜೀನಿಯಾ ಜಾನ್ಸನ್ 1970ರಲ್ಲಿ ಪ್ರಕಟಿಸಿದ ತಮ್ಮ ಎರಡನೆಯ ಮಹಾಗ್ರಂಥದಲ್ಲಿ ಈ ಚಕ್ರವನ್ನು ವಿವರಿಸಿದರು. ಇಂಥವರು ಮಿಲನದಲ್ಲಿ ಭಾಗಿಗಳಾಗಿ ಉಳಿಯದೆ, ಪಕ್ಕದಲ್ಲಿ ನಿಂತು ತಮ್ಮ ದೇಹಕ್ಕೆ ತಾವೇ ಅಂಕ ಹಾಕುವ ಪ್ರೇಕ್ಷಕರಾಗಿಬಿಡುತ್ತಾರೆ ಎಂಬುದು ಅವರ ಮುಖ್ಯ ಗ್ರಹಿಕೆ. ಅದಕ್ಕೆ ಅವರು ಕೊಟ್ಟ ಮದ್ದು ಸರಳವಾಗಿತ್ತು: ಕೆಲವು ಕಾಲ ಸಂಭೋಗ ಬೇಡ, ಬರೀ ಸ್ಪರ್ಶ ಸಾಕು, ಗುರಿ ಏನೂ ಇಲ್ಲ. ಇಂದಿಗೂ ಲೈಂಗಿಕ ಚಿಕಿತ್ಸೆಯ ತಳಹದಿ ಇದೇ.

ಹೆಂಗಸರಲ್ಲಿ ಈ ಅಂಜಿಕೆ ಬೇರೆ ರೂಪ ತಳೆಯುತ್ತದೆ. ವಜೈನಿಸ್ಮಸ್ ಎಂಬ ತೊಂದರೆಯಲ್ಲಿ ಯೋನಿಯ ಸುತ್ತಲ ಸ್ನಾಯುಗಳು, ಧೂಳು ಹಾರಿ ಬಂದಾಗ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುವಂತೆ, ಬಿಗಿದುಕೊಳ್ಳುತ್ತವೆ. ಬೇಕೆಂದೇ ಮಾಡಿದ್ದಲ್ಲ, ಬೇಡವೆಂದರೂ ನಿಲ್ಲುವುದಿಲ್ಲ. ಗಂಡನ ಮೇಲೆ ಪ್ರೀತಿಯಿಲ್ಲವೆಂದು ಮನೆಯವರು ತಪ್ಪು ತಿಳಿಯುವುದು ಇಲ್ಲಿಯೇ. ಅಮೆರಿಕದ ಮನೋವೈದ್ಯ ಸಂಘವು 2013ರಲ್ಲಿ ಬಂದ ತನ್ನ ರೋಗನಿರ್ಣಯ ಕೈಪಿಡಿಯ ಐದನೆಯ ಆವೃತ್ತಿಯಲ್ಲಿ ವಜೈನಿಸ್ಮಸ್ಸನ್ನೂ ಸಂಭೋಗದ ನೋವನ್ನೂ ಒಂದೇ ಕಾಯಿಲೆಯಾಗಿ ಸೇರಿಸಿತು. ನೋವು, ನೋವಿನ ಭಯ, ಸ್ನಾಯುವಿನ ಬಿಗಿತ ಇವು ಮೂರೂ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ ಎಂಬುದು ಅದಕ್ಕೆ ಕಾರಣ.

ಆತಂಕದ ಬೇರು ಊರಿಂದೂರಿಗೆ ಬೇರೆ. ಟೆಕ್ಸಾಸ್‌ನ ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ ಕೊಟ್ಟರೂ ಮದುವೆಗೆ ಮುನ್ನ ಸಂಯಮವೇ ಮೇಲು ಎಂದು ಹೇಳಿಕೊಡಬೇಕೆಂಬುದು ಅಲ್ಲಿನ ಕಾನೂನು. ಚರ್ಚಿನ ಕಟ್ಟುನಿಟ್ಟಿನಲ್ಲಿ ಬೆಳೆದವರಿಗೆ ಮದುವೆಯ ದಿನದವರೆಗೂ ‘ಪಾಪ’ವಾಗಿದ್ದದ್ದು ಆ ರಾತ್ರಿಯಿಂದಲೇ ‘ಕರ್ತವ್ಯ’ವಾಗುವುದು ಸುಲಭವಲ್ಲ. ನಮ್ಮ ಕಡೆಯದು ಇನ್ನೊಂದು ಬಗೆ. ಧಾತು ನಷ್ಟವಾಗಿ ಗಂಡಸುತನ ಹೋಯಿತೆಂಬ ಕೊರಗನ್ನು ಮನೋವೈದ್ಯ ಎನ್. ಎನ್. ವಿಗ್ 1960ರಲ್ಲಿ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಸಿದರು. ಆ ಕೊರಗು ವೀಸಾ ಕೇಳದೆಯೇ ಸಾಗರ ದಾಟುತ್ತದೆ.

ಸಮ್ಮೋಹನವೆಂದರೆ

ವಿಯೆನ್ನಾದಲ್ಲಿ ಕಲಿತು ಪ್ಯಾರಿಸ್‌ನಲ್ಲಿ ಪ್ರಸಿದ್ಧನಾದ ಫ್ರಾನ್ಜ್ ಮೆಸ್ಮರನ ‘ಪ್ರಾಣಿ ಅಯಸ್ಕಾಂತ’ ಸಿದ್ಧಾಂತವನ್ನು 1784ರಲ್ಲಿ ಫ್ರೆಂಚ್ ದೊರೆ ನೇಮಿಸಿದ ಆಯೋಗ ತಳ್ಳಿಹಾಕಿತು. ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಲವಾಜಿಯೆ ಅದರ ಸದಸ್ಯರು. ಅಯಸ್ಕಾಂತ ಸುಳ್ಳು, ರೋಗಿಯ ಕಲ್ಪನೆ ಮಾಡಿದ ಕೆಲಸ ನಿಜ ಎಂಬುದು ಆಯೋಗದ ತೀರ್ಮಾನದ ತಿರುಳು. ಆ ಎರಡನೆಯ ಮಾತಿನ ಮೇಲೆಯೇ ಮುಂದಿನ ಸಮ್ಮೋಹನ ನಿಂತಿದೆ. ಮ್ಯಾಂಚೆಸ್ಟರಿನ ಶಸ್ತ್ರವೈದ್ಯ ಜೇಮ್ಸ್ ಬ್ರೇಡ್ 1843ರ ತನ್ನ ಪುಸ್ತಕದಲ್ಲಿ ಇದಕ್ಕೆ ಹಿಪ್ನಾಟಿಸಂ ಎಂಬ ಹೆಸರನ್ನು ನೆಲೆಗೊಳಿಸಿದ. ಅದೇ ದಶಕದಲ್ಲಿ ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೇಲ್ ಎಂಬ ಕಂಪನಿ ಸರ್ಕಾರದ ಡಾಕ್ಟರು, ಅರಿವಳಿಕೆ ಮದ್ದು ಇನ್ನೂ ಬಳಕೆಗೆ ಬರುವ ಮೊದಲೇ, ಮೆಸ್ಮರಿಸಂ ಬಳಸಿ ದೊಡ್ಡ ಗೆಡ್ಡೆಗಳ ಶಸ್ತ್ರಚಿಕಿತ್ಸೆ ಮಾಡಿದ. ಅಮೆರಿಕದ ವೈದ್ಯಕೀಯ ಸಂಘ ಸಮ್ಮೋಹನದ ವೈದ್ಯಕೀಯ ಬಳಕೆಗೆ ಒಪ್ಪಿಗೆ ಸೂಚಿಸಿದ್ದು 1958ರಲ್ಲಿ.

ಇಂದಿನ ವ್ಯಾಖ್ಯೆಯಲ್ಲಿ ಮಾಟದ ಅಂಶ ಏನೂ ಉಳಿದಿಲ್ಲ. ಗಮನ ಒಂದೆಡೆ ನೆಟ್ಟು, ಸುತ್ತಣ ಅರಿವು ಹಿನ್ನೆಲೆಗೆ ಸರಿದು, ಸೂಚನೆಗಳಿಗೆ ಸ್ಪಂದಿಸುವ ಶಕ್ತಿ ಹೆಚ್ಚಿದ ಸ್ಥಿತಿ, ಅಷ್ಟೆ. ಅದು ನಿದ್ದೆಯಲ್ಲ. ಒಳಗಾದವರಿಗೆ ಕೋಣೆಯ ಸದ್ದು ಕೇಳಿಸುತ್ತಿರುತ್ತದೆ, ಬೇಡವೆನಿಸಿದರೆ ಎದ್ದು ಬರಬಹುದು. ಈ ಸ್ಪಂದನ ಶಕ್ತಿ ಎಲ್ಲರಲ್ಲೂ ಒಂದೇ ಸಮನಲ್ಲ. ಸ್ಟ್ಯಾನ್‌ಫರ್ಡ್‌ನಲ್ಲಿ 1959ರಿಂದ ಸಿದ್ಧವಾದ ಅಳತೆಗಳ ಪ್ರಕಾರ ನೂರಕ್ಕೆ ಹತ್ತು–ಹದಿನೈದು ಮಂದಿ ಬಹಳ ಸುಲಭವಾಗಿ ಒಳಗಾಗುತ್ತಾರೆ, ಹೆಚ್ಚುಕಡಿಮೆ ಅಷ್ಟೇ ಮಂದಿ ಬಹುತೇಕ ಒಳಗಾಗುವುದೇ ಇಲ್ಲ, ಉಳಿದವರು ನಡುವೆ. ಬೆಂಗಳೂರಿನ ಬಸ್ ಸ್ಟ್ಯಾಂಡಿನ ಗೋಡೆಗಳ ಮೇಲೆ ‘ವಶೀಕರಣ’ದ ಚೀಟಿ ನೋಡಿ ಬೆಳೆದವರಿಗೆ ಈ ಮಾತು ಸಪ್ಪೆ ಅನ್ನಿಸಬಹುದು. ಆದರೆ ಚಿಕಿತ್ಸೆಗೆ ಬೇಕಾದದ್ದು ಈ ಸಪ್ಪೆ ಸತ್ಯವೇ.

ಒಂದು ಭೇಟಿಯಲ್ಲಿ ಏನಾಗುತ್ತದೆ

ಲೈಸೆನ್ಸ್ ಪಡೆದ ಚಿಕಿತ್ಸಕರ ಬಳಿ ಮೊದಲ ಒಂದೆರಡು ಭೇಟಿಗಳು ಬರೀ ಮಾತಿನಲ್ಲಿ ಕಳೆಯುತ್ತವೆ. ಸಕ್ಕರೆ ಕಾಯಿಲೆ ಇದೆಯೇ, ಬಿಪಿಗೆ ಯಾವ ಮಾತ್ರೆ, ಖಿನ್ನತೆಗೆ ಔಷಧಿ ನಡೆಯುತ್ತಿದೆಯೇ, ಮುಟ್ಟಿನ ನೋವು ಹೇಗೆ ಎಂದೆಲ್ಲ ಕೇಳುತ್ತಾರೆ. ಇದು ಔಪಚಾರಿಕತೆಯಲ್ಲ. ಶಿಶ್ನದ ರಕ್ತನಾಳಗಳು ಹೃದಯದ ನಾಳಗಳಿಗಿಂತ ಕಿರಿದು. ಕೊಬ್ಬು ಕಟ್ಟಿಕೊಳ್ಳತೊಡಗಿದರೆ ತೊಂದರೆ ಮೊದಲು ಅಲ್ಲಿ ಕಾಣಿಸಿಕೊಂಡು, ಹೃದ್ರೋಗ ವರ್ಷಗಳ ತರುವಾಯ ಬರಬಹುದು. ಸಕ್ಕರೆ ಕಾಯಿಲೆ, ಹೃದ್ರೋಗಗಳು ಬೇಗ ಬರುವ ನಮ್ಮಂಥವರಲ್ಲಿ ಇದನ್ನು ಪರೀಕ್ಷಿಸದೆ ‘ಎಲ್ಲಾ ಮನಸ್ಸಿನಲ್ಲೇ ಇದೆ’ ಎಂದು ಕಣ್ಣು ಮುಚ್ಚಿಸಿ ಕೂರಿಸುವವರ ಬಳಿ ಹೋಗಲೇಬಾರದು.

ಆಮೇಲೆ ಸಮ್ಮೋಹನ. ಒರಗು ಕುರ್ಚಿ, ಮಂದ ಬೆಳಕು, ಬೇಕಿದ್ದರೆ ಕಾಲ ಮೇಲೊಂದು ಹೊದಿಕೆ. ಗೋಡೆಯ ಮೇಲಿನ ಒಂದು ಬಿಂದುವನ್ನು ದಿಟ್ಟಿಸಿ, ರೆಪ್ಪೆ ಭಾರವಾದಾಗ ಮುಚ್ಚಲು ಬಿಡಿ ಎನ್ನುತ್ತಾರೆ. ಉಸಿರು ಹೊರಹೋದಂತೆಲ್ಲ ಭುಜ, ದವಡೆ, ಹೊಟ್ಟೆ, ತೊಡೆ ಒಂದೊಂದಾಗಿ ಸಡಿಲವಾಗುವುದನ್ನು ಗಮನಿಸಲು ಹೇಳುತ್ತಾರೆ. ಹತ್ತರಿಂದ ಒಂದರವರೆಗೆ ಎಣಿಕೆ ಇಳಿಯುತ್ತದೆ. ಒಳಗಾದವರು ತಮಗೆ ಹಿತವಾದ ಜಾಗವೊಂದನ್ನು ತಾವೇ ಆರಿಸಿಕೊಳ್ಳುತ್ತಾರೆ; ಮಲೆನಾಡಿನವರಿಗೆ ಅದು ಮಳೆ ಹಿಡಿದ ಅಡಿಕೆ ತೋಟವೂ ಆಗಬಹುದು. ಆ ನೆಮ್ಮದಿಯಲ್ಲಿರುವಾಗಲೇ ಅಂಜಿಕೆಯ ಮೆಟ್ಟಿಲುಗಳನ್ನು ಒಂದೊಂದಾಗಿ ಕಲ್ಪಿಸಿಕೊಳ್ಳುವುದು. ಮೊದಲು ಒಂದೇ ಕೋಣೆಯಲ್ಲಿ ಇಬ್ಬರೇ ಕೂತಂತೆ, ಆಮೇಲೆ ಕೈ ಹಿಡಿದಂತೆ, ಆಮೇಲೆ ಅಪ್ಪಿಕೊಂಡಂತೆ. ಎಲ್ಲಿ ಉಸಿರು ಬಿಗಿಯುತ್ತದೋ ಅಲ್ಲಿಗೆ ನಿಲ್ಲಿಸಿ ತೋಟಕ್ಕೆ ಮರಳುವುದು. ಈ ಮೆಟ್ಟಿಲು ಕ್ರಮ ಜೋಸೆಫ್ ವೋಲ್ಪೆ 1958ರಲ್ಲಿ ಪ್ರಕಟಿಸಿದ ಭಯ ನಿವಾರಣೆಯ ವಿಧಾನದಿಂದ ಬಂದದ್ದು. ಇಸ್ರೇಲಿನ ಸ್ತ್ರೀರೋಗ ತಜ್ಞ ಕೆ. ಫುಕ್ಸ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಇದನ್ನು ಸಮ್ಮೋಹನದೊಡನೆ ಬೆಸೆದು ವಜೈನಿಸ್ಮಸ್‌ಗೆ ಬಳಸಿದರು. ಕೊನೆಯಲ್ಲಿ ಒಂದರಿಂದ ಐದರವರೆಗೆ ಎಣಿಸಿ ಎಚ್ಚರಿಸುತ್ತಾರೆ. ಮನೆಯಲ್ಲಿ ದಿನವೂ ಕೇಳಿಕೊಳ್ಳಲು ಧ್ವನಿಮುದ್ರಿಕೆ ಕೊಡುವುದು ವಾಡಿಕೆ, ಏಕೆಂದರೆ ಕೊನೆಗೆ ಕಲಿಯಬೇಕಾದದ್ದು ಸ್ವಸಮ್ಮೋಹನ. ಮಲಗುವ ಕೋಣೆಗೆ ಚಿಕಿತ್ಸಕರು ಬರುವುದಿಲ್ಲವಲ್ಲ.

ಈ ಇಡೀ ಕ್ರಮದಲ್ಲಿ ಮೈ ಮುಟ್ಟುವ ಅಗತ್ಯ ಎಲ್ಲಿಯೂ ಇಲ್ಲ. ಚಿಕಿತ್ಸಕರು ಮುಟ್ಟಿದರೆ, ಬಟ್ಟೆ ಸಡಿಲಿಸಿ ಎಂದರೆ, ಅಲ್ಲಿಂದ ಎದ್ದು ಬರಬೇಕು.

ಡಲ್ಲಾಸ್: ಹೆರಾಲ್ಡ್ ಕ್ರಾಸಿಲ್‌ನೆಕ್

ಟೆಕ್ಸಾಸ್‌ನ ವೈದ್ಯಕೀಯ ಸಮ್ಮೋಹನದ ಮೊದಲ ದೊಡ್ಡ ಹೆಸರು ಮನೋವಿಜ್ಞಾನಿ ಹೆರಾಲ್ಡ್ ಕ್ರಾಸಿಲ್‌ನೆಕ್ ಅವರದು. ಡಲ್ಲಾಸ್‌ನ ಸೌತ್‌ವೆಸ್ಟರ್ನ್ ವೈದ್ಯಕೀಯ ಕಾಲೇಜಿನ ಇವರು ಮತ್ತು ಸಹೋದ್ಯೋಗಿಗಳು ಸುಟ್ಟ ಗಾಯದ ರೋಗಿಗಳ ಮೇಲೆ ಸಮ್ಮೋಹನ ಬಳಸಿದ ಅನುಭವವನ್ನು 1955ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಬ್ಯಾಂಡೇಜ್ ಬದಲಿಸುವ ನೋವು ತಡೆಯದವರು, ಊಟವನ್ನೇ ಬಿಟ್ಟವರು, ಕೈಕಾಲು ಆಡಿಸಲು ಒಲ್ಲದವರು ಇವರ ರೋಗಿಗಳು. ಲೈಂಗಿಕ ಆತಂಕದಿಂದ ಬಹು ದೂರದ ವಿಷಯವಾಗಿ ಕಂಡರೂ ಬೀಜ ಬಿದ್ದದ್ದು ಇಲ್ಲೇ: ಮುಂದೆ ಬರಲಿರುವ ನೋವನ್ನು ನೆನೆದು ದೇಹ ಬಿಗಿಯುವುದನ್ನು ಮಾತಿನಿಂದ ಸಡಿಲಿಸಬಹುದು.

ಮನೋವೈದ್ಯ ಜೇಮ್ಸ್ ಹಾಲ್ ಜೊತೆಗೂಡಿ ಕ್ರಾಸಿಲ್‌ನೆಕ್ ಬರೆದ ಚಿಕಿತ್ಸಾ ಸಮ್ಮೋಹನದ ಪಠ್ಯಪುಸ್ತಕ 1975ರಲ್ಲಿ ಹೊರಬಂದು, 1985ರಲ್ಲಿ ಎರಡನೆಯ ಆವೃತ್ತಿ ಕಂಡಿತು. ಮಾನಸಿಕ ಕಾರಣದ ನಿಮಿರು ದೌರ್ಬಲ್ಯಕ್ಕೆ ತಾವು ಕೊಟ್ಟ ಚಿಕಿತ್ಸೆಯ ಮುಂದಿನ ಫಲಿತಾಂಶಗಳನ್ನು ಕ್ರಾಸಿಲ್‌ನೆಕ್ 1982ರಲ್ಲಿ ಪ್ರತ್ಯೇಕ ಲೇಖನವಾಗಿ ಬರೆದರು. ಅವರ ಒಂದು ಉಪಾಯ ಗಮನಾರ್ಹ. ಸಮ್ಮೋಹನದಲ್ಲಿರುವ ರೋಗಿಯ ತೋಳು ಮರಗಟ್ಟುವಂತೆ ಸೂಚಿಸಿ, ‘ಮನಸ್ಸು ಮಾಡಿದರೆ ನಿಮ್ಮ ದೇಹ ಹೇಗೆ ಮಾತು ಕೇಳುತ್ತದೆ ನೋಡಿ’ ಎಂದು ಮನಗಾಣಿಸುವುದು. ಆತ್ಮವಿಶ್ವಾಸ ಕಳೆದುಕೊಂಡು ಬಂದ ಗಂಡಸಿಗೆ ಇದು ಉಪದೇಶಕ್ಕಿಂತ ದೊಡ್ಡ ಸಾಕ್ಷಿಯಾಗುತ್ತಿತ್ತು.

ಕ್ರಾಸಿಲ್‌ನೆಕ್ ವರದಿ ಮಾಡಿದ ಯಶಸ್ಸು ಬಹಳ ಹೆಚ್ಚಿನದು. ಆದರೆ ಹೋಲಿಸಿ ನೋಡಲು ಚಿಕಿತ್ಸೆ ಪಡೆಯದ ಗುಂಪು ಇಲ್ಲದ, ಒಬ್ಬರೇ ನಡೆಸಿ ಒಬ್ಬರೇ ಎಣಿಸಿದ ಲೆಕ್ಕಗಳನ್ನು ಇಂದಿನ ಕಣ್ಣಿನಿಂದ ಅಷ್ಟಕ್ಕಷ್ಟೇ ಎಂದು ಓದಬೇಕಾಗುತ್ತದೆ. ಟರ್ಕಿಯಲ್ಲಿ 1990ರ ದಶಕದಲ್ಲಿ ನಡೆದ ಒಂದು ಸಣ್ಣ ಪ್ರಯೋಗದಲ್ಲಿ ಸಮ್ಮೋಹನ ಪಡೆದ ಗಂಡಸರು ಹೆಚ್ಚಿನ ಪಾಲು ಸುಧಾರಿಸಿದರು, ನಿಜ. ಹುಸಿ ಚಿಕಿತ್ಸೆ ಪಡೆದವರಲ್ಲೂ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ಸುಧಾರಿಸಿದರು. ಈ ಕ್ಷೇತ್ರದ ಯಾವ ಜಾಹೀರಾತಿನ ಅಂಕಿ ನೋಡಿದರೂ ಈ ‘ಅರ್ಧ’ವನ್ನು ನೆನಪಿಡುವುದು ಒಳ್ಳೆಯದು. 1998ರಲ್ಲಿ ವಯಾಗ್ರಾ ಮಾರುಕಟ್ಟೆಗೆ ಬಂದ ಮೇಲೆ ಗಂಡಸರ ಪಾಲಿಗೆ ಸಮ್ಮೋಹನದ ದಾರಿ ಬಹುಮಟ್ಟಿಗೆ ಮಸುಕಾಯಿತು. ಮಾತ್ರೆ ರಕ್ತನಾಳವನ್ನು ಸಡಿಲಿಸುತ್ತದೆ, ಸಂಗಾತಿಯ ಮುಖ ನೋಡಲಾಗದ ಸಂಕೋಚಕ್ಕೆ ಅದರಲ್ಲಿ ಔಷಧಿಯಿಲ್ಲ.

ವೇಕೊ ಮತ್ತು ಆಸ್ಟಿನ್

ಡಲ್ಲಾಸ್‌ನಿಂದ ಆಸ್ಟಿನ್‌ಗೆ ಹೋಗುವ 35ನೇ ಸಂಖ್ಯೆಯ ಹೆದ್ದಾರಿಯ ನಡುದಾರಿಯಲ್ಲಿ ವೇಕೊ ಎಂಬ ಊರಿದೆ. ಟೆಕ್ಸಾಸ್‌ನಿಂದ ಬಂದ ಗಟ್ಟಿ ಪುರಾವೆ ಇಲ್ಲಿನ ಬೇಲರ್ ವಿಶ್ವವಿದ್ಯಾಲಯದ ಗ್ಯಾರಿ ಎಲ್ಕಿನ್ಸ್ ಅವರ ಪ್ರಯೋಗಾಲಯದ್ದು. ಎಲ್ಕಿನ್ಸ್ ಆರಿಸಿಕೊಂಡ ವಿಷಯ ಮುಟ್ಟು ನಿಂತ ಹೆಂಗಸರಿಗೆ ಇದ್ದಕ್ಕಿದ್ದಂತೆ ಮೈಯೆಲ್ಲ ಬಿಸಿಯೇರಿ ಬೆವರುವ ತೊಂದರೆ. ಸ್ತನ ಕ್ಯಾನ್ಸರ್ ಬಂದುಹೋದವರು ಹಾರ್ಮೋನ್ ಔಷಧಿ ತೆಗೆದುಕೊಳ್ಳುವಂತಿಲ್ಲದ ಕಾರಣ, ಅವರ ಮೇಲಿನ ಅಧ್ಯಯನ ಮೊದಲು 2008ರಲ್ಲಿ ಪ್ರಕಟವಾಯಿತು. 2013ರಲ್ಲಿ 187 ಮಹಿಳೆಯರ ಪ್ರಯೋಗ ಬಂತು. ಅರ್ಧ ಜನಕ್ಕೆ ವಾರಕ್ಕೊಂದರಂತೆ ಐದು ಸಮ್ಮೋಹನ ಭೇಟಿಗಳು, ಉಳಿದವರಿಗೆ ಅಷ್ಟೇ ಸಮಯದ ಸಾಮಾನ್ಯ ಆರೈಕೆಯ ಮಾತುಕತೆ. ತಂಪಾದ ಜಾಗದ ಚಿತ್ರಗಳನ್ನು ಕಲ್ಪಿಸಿಕೊಳ್ಳುವುದು ಸೂಚನೆಗಳ ತಿರುಳು. ಹನ್ನೆರಡನೆಯ ವಾರಕ್ಕೆ ಸಮ್ಮೋಹನದ ಗುಂಪಿನಲ್ಲಿ ಬಿಸಿಯೇರಿಕೆ ಶೇ. 74ರಷ್ಟು ಇಳಿದಿತ್ತು, ಇನ್ನೊಂದರಲ್ಲಿ ಶೇ. 17ರಷ್ಟು. ಇದೇ ಪ್ರಯೋಗದ ಮಾಹಿತಿಯಿಂದ ಲೈಂಗಿಕ ಬದುಕಿನ ಮೇಲಿನ ಪರಿಣಾಮವನ್ನು ವಿಶ್ಲೇಷಿಸಿದ ಲೇಖನ 2016ರಲ್ಲಿ ಬಂತು. ತೃಪ್ತಿ ಹೆಚ್ಚಿ, ನೋವು–ಕಿರಿಕಿರಿ ಕಡಿಮೆಯಾಗಿತ್ತು. ಮುಖ್ಯ ಗುರಿ ಅದಾಗಿರಲಿಲ್ಲ ಎಂಬುದನ್ನು ಮರೆಯಬಾರದು. ಆದರೂ ಇಡೀ ರಾಜ್ಯದಲ್ಲಿ ಈ ವಿಷಯಕ್ಕೆ ಇಷ್ಟು ಹತ್ತಿರ ಬಂದ, ಹೋಲಿಕೆಯ ಗುಂಪನ್ನಿಟ್ಟುಕೊಂಡು ಮಾಡಿದ ಕೆಲಸ ಇದೇ.

ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನಿ ಸಿಂಡಿ ಮೆಸ್ಟನ್ ನಡೆಸುವ ಪ್ರಯೋಗಾಲಯ ಸಮ್ಮೋಹನದ್ದಲ್ಲ, ಲೈಂಗಿಕ ಸ್ಪಂದನದ್ದು. ಜನ ಯಾಕೆ ಕೂಡುತ್ತಾರೆ ಎಂಬುದಕ್ಕೆ ಡೇವಿಡ್ ಬಸ್ ಜೊತೆಗೂಡಿ 237 ಕಾರಣಗಳನ್ನು 2007ರಲ್ಲಿ ಪಟ್ಟಿ ಮಾಡಿ ಪತ್ರಿಕೆಗಳಿಗೆ ಒಳ್ಳೆಯ ಆಹಾರ ಒದಗಿಸಿದವರು ಇವರೇ. ನಮ್ಮ ವಿಷಯಕ್ಕೆ ಮುಖ್ಯವಾದದ್ದು 1990ರ ದಶಕದ ಅವರ ಹಳೆಯ ಪ್ರಯೋಗಗಳು. ಸೈಕಲ್ ತುಳಿದು ಎದೆಬಡಿತ ಏರಿದ ಹೆಂಗಸರಲ್ಲಿ ದೈಹಿಕ ಉದ್ರೇಕ ಹೆಚ್ಚಾಯಿತು. ಅಂದರೆ ನರಮಂಡಲ ಚುರುಕಾಗುವುದೇ ಶತ್ರುವಲ್ಲ. ಬರೀ ‘ರಿಲ್ಯಾಕ್ಸ್ ಮಾಡಿ’ ಎಂದು ಮಲಗಿಸುವ ಸಮ್ಮೋಹನ ಹೆಂಗಸರ ವಿಷಯದಲ್ಲಿ ಗುರಿ ತಪ್ಪಬಹುದು. ಎದೆ ಬಡಿಯಲಿ, ಆ ಬಡಿತಕ್ಕೆ ಕೊಡುವ ಅರ್ಥ ಬದಲಾಗಲಿ ಎಂಬಂತೆ ಸೂಚನೆ ಕೊಡುವುದು ಜಾಣತನ. ನ್ಯೂಯಾರ್ಕ್‌ನ ಡೇನಿಯಲ್ ಅರಾವೋಜ್ ಸಮ್ಮೋಹನ ಮತ್ತು ಲೈಂಗಿಕ ಚಿಕಿತ್ಸೆ ಕುರಿತ ತಮ್ಮ 1982ರ ಪುಸ್ತಕದಲ್ಲಿ ಹಿಡಿದ ದಾರಿ ಇದಕ್ಕೆ ಒಪ್ಪುತ್ತದೆ. ‘ನನ್ನ ಕೈಲಾಗದು’ ಎಂದು ದಿನವಿಡೀ ಹೇಳಿಕೊಳ್ಳುವವರು ಆಗಲೇ ತಮ್ಮನ್ನು ತಾವು ಸಮ್ಮೋಹನಕ್ಕೆ ಒಳಪಡಿಸಿಕೊಂಡಿದ್ದಾರೆ, ಚಿಕಿತ್ಸಕರ ಕೆಲಸ ಆ ಕೆಟ್ಟ ಸಮ್ಮೋಹನವನ್ನು ಬಿಡಿಸುವುದು ಎಂದು ಅವರು ವಾದಿಸಿದರು.

ಹ್ಯೂಸ್ಟನ್: ಎರಡು ಮುಖ

ಹ್ಯೂಸ್ಟನ್‌ನ ಎಂ. ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದಲ್ಲಿದ್ದ ಮನೋವಿಜ್ಞಾನಿ ಲೆಸ್ಲಿ ಶೋವರ್, ಕ್ಯಾನ್ಸರ್ ಚಿಕಿತ್ಸೆಯ ನಂತರದ ಲೈಂಗಿಕ ತೊಂದರೆಗಳ ಬಗ್ಗೆ ರೋಗಿಗಳು ಬಾಯಿ ಬಿಡುವಂತೆ, ವೈದ್ಯರು ಕೇಳುವಂತೆ ಮಾಡಿದವರಲ್ಲಿ ಪ್ರಮುಖರು. ಅವರ ದಾರಿ ಮಾಹಿತಿ ಮತ್ತು ಆಪ್ತಸಲಹೆಯದು.

ಇನ್ನೊಂದು ಮುಖ ಕರಾಳ. 1990ರ ಆಸುಪಾಸಿನಲ್ಲಿ ನಗರದ ಸ್ಪ್ರಿಂಗ್ ಶ್ಯಾಡೋಸ್ ಗ್ಲೆನ್ ಎಂಬ ಮಾನಸಿಕ ಆಸ್ಪತ್ರೆಯಲ್ಲಿ, ಸಮ್ಮೋಹನವೂ ಸೇರಿದ ಚಿಕಿತ್ಸೆಗಳ ನಂತರ ಹಲವು ರೋಗಿಗಳು ಬಾಲ್ಯದಲ್ಲಿ ಸೈತಾನ ಪಂಥಗಳಿಂದ ಲೈಂಗಿಕ ಹಿಂಸೆಗೆ ಒಳಗಾದೆವೆಂದು ‘ನೆನಪಿಸಿಕೊಂಡರು’. ಸಂಸಾರಗಳು ಒಡೆದವು. 1997ರಲ್ಲಿ ಒಬ್ಬ ಮಾಜಿ ರೋಗಿಗೆ 58 ಲಕ್ಷ ಡಾಲರ್ ಪರಿಹಾರ ಕೊಡಬೇಕೆಂದು ಹ್ಯೂಸ್ಟನ್‌ನ ಜ್ಯೂರಿ ತೀರ್ಪಿತ್ತಿತು. ಅದೇ ವರ್ಷ ಕೇಂದ್ರ ಸರ್ಕಾರ ವಿಮೆ ವಂಚನೆಯ ಆರೋಪದಲ್ಲಿ ಚಿಕಿತ್ಸಕರ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಿತು. ವಿಚಾರಣೆ 1999ರಲ್ಲಿ ಅಪೂರ್ಣವಾಗಿ ನಿಂತುಹೋಗಿ, ಆರೋಪಗಳನ್ನು ಕೈಬಿಡಲಾಯಿತು, ಅಪರಾಧ ಸಾಬೀತಾಗಲಿಲ್ಲ.

ಇದಕ್ಕೂ ಮೊದಲೇ, 1985ರಲ್ಲಿ, ಅಮೆರಿಕದ ವೈದ್ಯಕೀಯ ಸಂಘದ ವಿಜ್ಞಾನ ಮಂಡಳಿ ಎಚ್ಚರಿಸಿತ್ತು: ಸಮ್ಮೋಹನದಲ್ಲಿ ಹೊರಬರುವ ನೆನಪುಗಳಲ್ಲಿ ಕಟ್ಟುಕಥೆ ಸೇರಿಕೊಳ್ಳುತ್ತದೆ, ಹೇಳುವವರಿಗೆ ಮಾತ್ರ ಅದು ನಿಜವೆಂಬ ನಂಬಿಕೆ ಬಲವಾಗುತ್ತದೆ. ಲೈಂಗಿಕ ಅಂಜಿಕೆಯಿಂದ ಬಂದವರಿಗೆ ‘ಚಿಕ್ಕಂದಿನಲ್ಲಿ ಏನೋ ಆಗಿರಬೇಕು, ಸಮ್ಮೋಹನದಲ್ಲಿ ಹುಡುಕೋಣ’ ಎನ್ನುವ ಚಿಕಿತ್ಸಕರು ಇಂದಿಗೂ ಸಿಗುತ್ತಾರೆ. ಮುಚ್ಚಿಟ್ಟ ನೆನಪೊಂದು ಸಿಕ್ಕರೆ ಬೀಗ ತೆರೆದಂತೆ ಎಲ್ಲ ಸರಿಹೋಗುತ್ತದೆಂಬ ಈ ಕಲ್ಪನೆ ಸಿನಿಮಾಕ್ಕೆ ಚೆನ್ನ. ನಿಜವಾಗಿ ದೌರ್ಜನ್ಯ ಅನುಭವಿಸಿದವರಿಗೆ ಅದು ಬಹುಪಾಲು ನೆನಪಿರುತ್ತದೆ. ಅವರಿಗೆ ಬೇಕಾದದ್ದು ಆಘಾತಕ್ಕೆಂದೇ ಇರುವ ಚಿಕಿತ್ಸೆ.

ಕಾನೂನು

ಟೆಕ್ಸಾಸ್ ಪೊಲೀಸರು ಸಾಕ್ಷಿಗಳ ನೆನಪು ಚುರುಕುಗೊಳಿಸಲು ದಶಕಗಳ ಕಾಲ ಸಮ್ಮೋಹನ ಬಳಸಿದರು. ಡಲ್ಲಾಸ್ ಪಕ್ಕದ ಫಾರ್ಮರ್ಸ್ ಬ್ರಾಂಚ್‌ನಲ್ಲಿ 1998ರಲ್ಲಿ ನಡೆದ ಕೊಲೆಯಲ್ಲಿ, ಪೊಲೀಸರು ಸಮ್ಮೋಹನಕ್ಕೆ ಒಳಪಡಿಸಿದ ಸಾಕ್ಷಿಯೊಬ್ಬರು ಮರುವರ್ಷ ನ್ಯಾಯಾಲಯದಲ್ಲಿ ಆರೋಪಿಯನ್ನು ಗುರುತಿಸಿದರು, ಆ ಆರೋಪಿ ಚಾರ್ಲ್ಸ್ ಫ್ಲೋರೆಸ್‌ಗೆ ಮರಣದಂಡನೆಯಾಯಿತು. 2016ರಲ್ಲಿ ಅದಕ್ಕೆ ತಡೆ ಬಿತ್ತು. ಡಲ್ಲಾಸ್ ಮಾರ್ನಿಂಗ್ ನ್ಯೂಸ್ ಪತ್ರಿಕೆ 2020ರಲ್ಲಿ ಈ ಪದ್ಧತಿಯ ಬಗ್ಗೆ ತನಿಖಾ ವರದಿ ಬರೆದ ಮೇಲೆ ರಾಜ್ಯ ಪೊಲೀಸ್ ಇಲಾಖೆ ಅದನ್ನು ನಿಲ್ಲಿಸಿತು. 2021ರಲ್ಲಿ ಶಾಸನಸಭೆ ತಂದ ಮಸೂದೆಯನ್ನು ರಾಜ್ಯಪಾಲರು ವೀಟೊ ಮಾಡಿದರು. ಕೊನೆಗೆ 2023ರ ಸೆಪ್ಟೆಂಬರ್ 1ರಿಂದ ಸಮ್ಮೋಹನದಿಂದ ಪಡೆದ ಹೇಳಿಕೆಗೆ ಕ್ರಿಮಿನಲ್ ವಿಚಾರಣೆಯಲ್ಲಿ ಜಾಗವಿಲ್ಲದಂತಾಯಿತು.

ಚಿಕಿತ್ಸೆಯ ವಿಷಯದಲ್ಲಿ ರಾಜ್ಯದ ಕಾನೂನು ಇಷ್ಟು ಕಟ್ಟುನಿಟ್ಟಾಗಿಲ್ಲ. ಸಮ್ಮೋಹನಕಾರರಿಗೆಂದೇ ರಾಜ್ಯದಲ್ಲಿ ಲೈಸೆನ್ಸ್ ಇಲ್ಲ. ಸೆಕ್ಸ್ ಥೆರಪಿಸ್ಟ್ ಎಂಬ ಹೆಸರಿಗೆ ಫ್ಲಾರಿಡಾದಲ್ಲಿರುವಂಥ ಕಾನೂನಿನ ಕಾವಲೂ ಇಲ್ಲಿಲ್ಲ. ಮನೋವಿಜ್ಞಾನಿ, ಕೌನ್ಸೆಲರ್, ಕುಟುಂಬ ಚಿಕಿತ್ಸಕ, ಸಮಾಜ ಕಾರ್ಯಕರ್ತ ಈ ನಾಲ್ಕು ವೃತ್ತಿಗಳ ಮಂಡಳಿಗಳನ್ನು 2019ರ ಕಾನೂನಿನಿಂದ ಒಂದೇ ಸೂರಿನಡಿ ತರಲಾಯಿತು. ಲೈಸೆನ್ಸ್ ಪರಿಶೀಲಿಸಬೇಕಾದವರು ನೋಡಬೇಕಾದದ್ದು ಅಲ್ಲಿ. ಸಮ್ಮೋಹನದ ಅಮೆರಿಕನ್ ಸಂಘ (ಮಿಲ್ಟನ್ ಎರಿಕ್ಸನ್ 1957ರಲ್ಲಿ ಸ್ಥಾಪಿಸಿದ್ದು) ಆರೋಗ್ಯ ವೃತ್ತಿಯ ಲೈಸೆನ್ಸ್ ಇದ್ದವರಿಗೆ ಮಾತ್ರ ಪ್ರಮಾಣಪತ್ರ ಕೊಡುತ್ತದೆ. ವಿಮಾ ಬಿಲ್ಲಿನಲ್ಲಿ ಸಮ್ಮೋಹನ ಚಿಕಿತ್ಸೆಗೆ 90880 ಎಂಬ ಪ್ರತ್ಯೇಕ ಸಂಕೇತವಿದೆ, ಆದರೆ ಎಲ್ಲ ವಿಮಾ ಕಂಪನಿಗಳೂ ಹಣ ಕೊಡುವುದಿಲ್ಲ. ಒಂದು ಕಡೆ ಮಾತ್ರ ಟೆಕ್ಸಾಸ್ ಕಾನೂನು ಬಿಗಿ: ಮಾನಸಿಕ ಚಿಕಿತ್ಸೆ ಕೊಡುವವರು, ಲೈಸೆನ್ಸ್ ಇರಲಿ ಇಲ್ಲದಿರಲಿ, ರೋಗಿಯನ್ನು ಲೈಂಗಿಕವಾಗಿ ಬಳಸಿಕೊಂಡರೆ ‘ಒಪ್ಪಿಗೆ ಇತ್ತು’ ಎಂಬ ಸಮರ್ಥನೆ ಪರಿಹಾರದ ದಾವೆಯಲ್ಲಿ ನಿಲ್ಲುವುದಿಲ್ಲ.

ಪುರಾವೆಯ ತೂಕ

ಆತಂಕಕ್ಕೆ ಸಮ್ಮೋಹನ ಬಳಸಿದ ಪ್ರಯೋಗಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಸಮ್ಮೋಹನ ಪಡೆದ ಸರಾಸರಿ ವ್ಯಕ್ತಿ ಪಡೆಯದವರಲ್ಲಿ ಶೇ. 79ರಷ್ಟು ಮಂದಿಗಿಂತ ಹೆಚ್ಚು ಸುಧಾರಿಸಿದ್ದ. ಬೇರೆ ಮನೋಚಿಕಿತ್ಸೆಯೊಡನೆ ಸೇರಿಸಿದಾಗ ಫಲ ಇನ್ನೂ ಚೆನ್ನಾಗಿತ್ತು. ಆ ಪ್ರಯೋಗಗಳಲ್ಲಿನ ಆತಂಕ ಬಹುಪಾಲು ಪರೀಕ್ಷೆ, ಹಲ್ಲಿನ ಚಿಕಿತ್ಸೆ, ಆಪರೇಷನ್ ಇಂಥವುಗಳದ್ದು. ಲೈಂಗಿಕ ಆತಂಕದ ಮೇಲೆ ನೇರವಾದ ದೊಡ್ಡ ಪ್ರಯೋಗಗಳ ಆಸರೆ ಇಲ್ಲ. ಹೀಗಾಗಿ ಸ್ಪರ್ಶಾಭ್ಯಾಸ, ಆಲೋಚನೆ ತಿದ್ದುವ ಚಿಕಿತ್ಸೆ, ವಜೈನಿಸ್ಮಸ್‌ಗೆ ಶ್ರೋಣಿ ಸ್ನಾಯುಗಳ ಫಿಸಿಯೋಥೆರಪಿ ಇವೇ ಮೊದಲ ಸಾಲಿನವು. ಇವುಗಳನ್ನು ಬಿಟ್ಟು ಸಮ್ಮೋಹನವೊಂದನ್ನೇ ಮಾರುವವರನ್ನು ಅನುಮಾನದಿಂದ ನೋಡುವುದು ನ್ಯಾಯ. ಭ್ರಮೆ, ತೀವ್ರ ಮನೋರೋಗ ಇದ್ದವರಿಗೆ ಇದು ಸಲ್ಲದು.

ಕನ್ನಡ ಕುಟುಂಬಗಳು

ಡಲ್ಲಾಸ್‌ನಲ್ಲಿ ಮಲ್ಲಿಗೆ ಕನ್ನಡ ಸಂಘ, ಹ್ಯೂಸ್ಟನ್‌ನಲ್ಲಿ ಕನ್ನಡ ವೃಂದ, ಆಸ್ಟಿನ್‌ನಲ್ಲಿ ಕನ್ನಡ ಸಂಘ ಇವೆ. ಅಮೆರಿಕದ ಕನ್ನಡ ಕೂಟಗಳ ‘ಅಕ್ಕ’ ಸಮ್ಮೇಳನವೂ 2018ರಲ್ಲಿ ಡಲ್ಲಾಸ್‌ನಲ್ಲೇ ನಡೆಯಿತು. ಈ ನಗರಗಳ ಹೊರವಲಯದ ಪ್ಲೇನೊ, ಶುಗರ್ ಲ್ಯಾಂಡ್, ರೌಂಡ್ ರಾಕ್‌ಗಳಲ್ಲಿ ಮನೆ ಮಾಡಿದ ಸಾಫ್ಟ್‌ವೇರ್ ಉದ್ಯೋಗಿಗಳ ಕುಟುಂಬಗಳಲ್ಲಿ ಈ ತೊಂದರೆ ಹೊರಬೀಳುವ ಬಾಗಿಲು ಸಾಮಾನ್ಯವಾಗಿ ಬೇರೆಯದು. ‘ಇನ್ನೂ ವಿಶೇಷ ಇಲ್ವಾ?’ ಎಂಬ ಊರಿನ ಫೋನು, ಅದರ ಬೆನ್ನಿಗೆ ಬಂಜೆತನದ ಕ್ಲಿನಿಕ್ಕು. ಅಲ್ಲಿ ಡಾಕ್ಟರು ಕೇಳಿದ ಮೇಲೆಯೇ, ಮದುವೆಯಾಗಿ ವರ್ಷಗಳಾದರೂ ದೇಹಸಂಬಂಧವೇ ಆಗಿಲ್ಲ ಎಂಬುದು ಹೊರಬರುವುದುಂಟು. ಸಮ್ಮೋಹನಕ್ಕೆ ಭಾಷೆ ಮುಖ್ಯ. ಆಫೀಸಿನ ಇಂಗ್ಲಿಷಿನಲ್ಲಿ ಕೊಟ್ಟ ಸೂಚನೆ, ಕನ್ನಡದಲ್ಲಿ ಕಲಿತ ನಾಚಿಕೆಯನ್ನು ತಲುಪುವುದು ಕಷ್ಟ. ತಮಗೆ ಬೇಕಾದ ಮಾತುಗಳನ್ನು ಕನ್ನಡದಲ್ಲಿ ತಾವೇ ಬರೆದು, ತಮ್ಮ ದನಿಯಲ್ಲೇ ಮುದ್ರಿಸಿಕೊಳ್ಳಲು ಚಿಕಿತ್ಸಕರನ್ನು ಕೇಳಬಹುದು.

ಬೆಂಗಳೂರಿನ ಮನೋವೈದ್ಯರನ್ನು ವಿಡಿಯೋದಲ್ಲಿ ಕಾಣುವುದು ಸುಲಭವೆನಿಸಿದರೂ, ಚಿಕಿತ್ಸೆ ನಡೆಯುವುದು ರೋಗಿ ಕೂತಿರುವ ಜಾಗದಲ್ಲಿ ಎಂಬುದು ಟೆಕ್ಸಾಸ್‌ನ ನಿಯಮ. ಆ ರಾಜ್ಯದ ಲೈಸೆನ್ಸ್ ಇಲ್ಲದವರ ವಿರುದ್ಧ ಅಲ್ಲಿ ದೂರು ಕೊಟ್ಟರೂ ಹೆಚ್ಚು ಪ್ರಯೋಜನವಾಗಲಾರದು. ಓದಿಗೆ ಅಂಥ ಗಡಿಯಿಲ್ಲ. ಡಾ. ಅನುಪಮಾ ನಿರಂಜನರ ‘ದಾಂಪತ್ಯ ದೀಪಿಕೆ’, ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರ ಪುಸ್ತಕಗಳು ಎರಡು ತಲೆಮಾರಿನ ಕನ್ನಡಿಗರಿಗೆ ಈ ವಿಷಯವನ್ನು ಮನೆಮಾತಿನಲ್ಲಿ ಹೇಳಿಕೊಟ್ಟಿವೆ. ಅಂಜಿಕೆಯ ಮೂಲ ಗಂಡನ ಹೊಡೆತವೋ ಬಲವಂತವೋ ಆಗಿದ್ದರೆ ಮಾತ್ರ ಸಮ್ಮೋಹನದ ಮಾತೇ ಬರಬಾರದು. ಅಂಥವರ ನೆರವಿಗೆ ಹ್ಯೂಸ್ಟನ್‌ನಲ್ಲಿ ದಯಾ, ಡಲ್ಲಾಸ್‌ನಲ್ಲಿ ಚೇತನಾ, ಆಸ್ಟಿನ್‌ನಲ್ಲಿ ಹಿಂದೆ ಸಹೇಲಿ ಎಂದಿದ್ದ ಏಷ್ಯನ್ ಕುಟುಂಬ ಸಹಾಯ ಸಂಸ್ಥೆ ಕೆಲಸ ಮಾಡುತ್ತಿವೆ.